ಕಮಿಷನ್ನಿಗೆ ಒಂದು ವಾರ ಮೊದಲು ಬಿದ್ದವರು

ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಬಾಗಿಲು ದಾಟುವ ಮೊದಲು ಎರಡು ಸಹಿ ಬೀಳಬೇಕು. ಮೊದಲನೆಯದು ಸೇನೆಯ ವೈದ್ಯರದು. ಕಣ್ಣು, ಕಿವಿ, ಹಲ್ಲು, ಮೊಣಕಾಲು, ಬೆನ್ನು ಎಲ್ಲವನ್ನೂ ನೋಡಿ, ಈ ಹುಡುಗ ‘ಫಿಟ್’ ಎಂದು ಅವರು ಬರೆದುಕೊಡುತ್ತಾರೆ. ಎರಡನೆಯದು ತಂದೆ ಅಥವಾ ತಾಯಿಯದು. ತರಬೇತಿಯಲ್ಲಿ ಮಗನಿಗೆ ಗಾಯವಾದರೆ ಸರ್ಕಾರದಿಂದ ಪರಿಹಾರ ಕೇಳುವ ಹಕ್ಕು ತಮಗೂ ಇಲ್ಲ, ಮಗನಿಗೂ ಇಲ್ಲ ಎಂಬುದು ಚೆನ್ನಾಗಿ ಅರ್ಥವಾಗಿದೆ ಎಂಬ ಪ್ರಮಾಣಪತ್ರಕ್ಕೆ ಅವರು ಸಹಿ ಹಾಕುತ್ತಾರೆ. ಗಟ್ಟಿ ದೇಹವನ್ನೇ ತೆಗೆದುಕೊಂಡಿದ್ದೇವೆ ಎನ್ನುವುದು ಮೊದಲ ಕಾಗದ. ಅದು ಮುರಿದರೆ ನಮ್ಮನ್ನು ಕೇಳಬೇಡಿ ಎನ್ನುವುದು ಎರಡನೆಯದು.

ಹಾಗೆ ಮುರಿದವರ ಲೆಕ್ಕ 2025ರ ಆಗಸ್ಟ್‌ನಲ್ಲಿ ಪತ್ರಿಕಾ ವರದಿಯೊಂದರಲ್ಲಿ ಹೊರಬಂತು. 1985ರಿಂದೀಚೆಗೆ ಸುಮಾರು 500 ಆಫೀಸರ್ ಕೆಡೆಟ್‌ಗಳು ವೈದ್ಯಕೀಯ ಕಾರಣಕ್ಕೆ ಸೇನಾ ತರಬೇತಿ ಸಂಸ್ಥೆಗಳಿಂದ ಹೊರಬಿದ್ದಿದ್ದಾರೆ. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಕೇಂದ್ರಕ್ಕೆ ಕೇಳಿದ್ದು ಬರೀ ದುಡ್ಡಿನ ಪ್ರಶ್ನೆಯಲ್ಲ. ಚಿಕಿತ್ಸೆ ಮುಗಿದ ಮೇಲೆ ಇವರನ್ನು ಮರಳಿ ಕರೆದು ಮೇಜಿನ ಕೆಲಸವನ್ನಾದರೂ ಕೊಡಲಾಗದೇ ಎಂದೂ ಕೇಳಿತು. ಆ ತಿಂಗಳು ಮುಗಿಯುವುದರೊಳಗೆ ಸರ್ಕಾರ ಮಾಜಿ ಸೈನಿಕರ ಆರೋಗ್ಯ ಯೋಜನೆಯನ್ನು ಇವರಿಗೂ ವಿಸ್ತರಿಸಿತು. ಒಳ್ಳೆಯದೇ ಆಯಿತು. ಆದರೆ ಆಸ್ಪತ್ರೆಯ ಕಾರ್ಡು ಉದ್ಯೋಗವಲ್ಲ. ಮರಳಿ ಬರುವ ದಾರಿಯ ಪ್ರಶ್ನೆಯೇ ಇಲ್ಲಿ ಮುಖ್ಯವಾದದ್ದು.

ಅಕಾಡೆಮಿಯಲ್ಲಿ ಮೂರು ವರ್ಷ ಮುಗಿಸಿ, ಡೆಹ್ರಾಡೂನ್‌ನಲ್ಲಿ ನಾಲ್ಕನೆಯ ವರ್ಷದ ತರಬೇತಿಯಲ್ಲಿರುವ ಇಬ್ಬರು ಹುಡುಗರನ್ನು ಕಲ್ಪಿಸಿಕೊಳ್ಳಿ. ಒಬ್ಬ ಪಾಸಿಂಗ್ ಔಟ್ ಪರೇಡ್‌ಗೆ ಒಂದು ವಾರ ಮೊದಲು ಬಿದ್ದು ಬೆನ್ನುಮೂಳೆ ಮುರಿದುಕೊಳ್ಳುತ್ತಾನೆ. ಇನ್ನೊಬ್ಬ ಒಂದು ವಾರದ ನಂತರ. ಗಾಯ ಅದೇ, ನೋವೂ ಅದೇ. ಎರಡನೆಯವನು ಅಧಿಕಾರಿ. ಅವನ ವೈದ್ಯಕೀಯ ದರ್ಜೆ ಇಳಿಯಬಹುದು, ಆದರೂ ಸೇನೆ ಅವನಿಗೆ ಒಗ್ಗುವ ಕೆಲಸವೊಂದನ್ನು ಹುಡುಕಬಲ್ಲದು. ಮೊದಲನೆಯವನಿಗೆ ಗುಣವಾಗಲು ಒಂದೆರಡು ಟರ್ಮ್ ಕಾಲಾವಕಾಶ ಸಿಗುವುದುಂಟು. ಅಷ್ಟರಲ್ಲಿ ಗುಣವಾಗದಿದ್ದರೆ ಮನೆಗೆ. ಅಧಿಕಾರಿಯ ವಿಷಯದಲ್ಲಿ ವೈದ್ಯಕೀಯ ಮಂಡಳಿ ‘ಇವನಿಂದ ಯಾವ ಕೆಲಸ ಮಾಡಿಸಬಹುದು’ ಎಂದು ಕೇಳುತ್ತದೆ. ಕೆಡೆಟ್‌ನ ವಿಷಯದಲ್ಲಿ ಕೇಳುವುದು ‘ಇವನನ್ನು ಹೊಸದಾಗಿ ಸೇರಿಸಿಕೊಳ್ಳುತ್ತಿದ್ದೆವೇ’ ಎಂದು. ಅನ್ಯಾಯವೆಲ್ಲ ಈ ಎರಡು ಪ್ರಶ್ನೆಗಳ ನಡುವಿನ ಸಂದಿಯಲ್ಲಿದೆ.

ಈ ಸಂದಿಯನ್ನು ಕಾಯುತ್ತಿರುವುದು ಪದಗಳು. ಡೆಹ್ರಾಡೂನ್‌ನಲ್ಲಿ ಕೆಡೆಟ್‌ಗೆ ತಿಂಗಳಿಗೆ 56,100 ರೂಪಾಯಿ ಸಿಗುತ್ತದೆ. ಹೊಸ ಲೆಫ್ಟಿನೆಂಟ್‌ನ ಮೂಲವೇತನವೂ ಅಷ್ಟೇ. ಮೊದಲನೆಯದರ ಹೆಸರು ‘ಸ್ಟೈಪೆಂಡ್’, ಎರಡನೆಯದರ ಹೆಸರು ‘ಪೇ’. ಗಾಯಗೊಂಡು ಹೊರಬಿದ್ದವನಿಗೆ ತಿಂಗಳಿಗೆ 9,000 ರೂಪಾಯಿ, ನೂರಕ್ಕೆ ನೂರು ಅಂಗವೈಕಲ್ಯವಾದರೆ ಮೇಲೆ 16,200, ಜೊತೆಗೆ ತುಟ್ಟಿಭತ್ಯೆ ಎಂದು ನಿಯಮ ಹೇಳುತ್ತದೆ. ವೈಕಲ್ಯ ಶೇ. 20ಕ್ಕಿಂತ ಕಡಿಮೆಯಾದರೆ ಆ ಎರಡನೆಯ ಮೊತ್ತ ಇಲ್ಲ. ಇದರ ಹೆಸರು ‘ಎಕ್ಸ್ ಗ್ರೇಷಿಯಾ’. ಇದನ್ನು ಯಾವ ಉದ್ದೇಶಕ್ಕೂ ಪಿಂಚಣಿಯೆಂದು ಪರಿಗಣಿಸತಕ್ಕದ್ದಲ್ಲ ಎಂದೂ ನಿಯಮದಲ್ಲಿದೆ. ಲ್ಯಾಟಿನ್‌ನಿಂದ ಬಂದ ಆ ಪದವನ್ನು ಕನ್ನಡದಲ್ಲಿ ನೇರವಾಗಿ ಹೇಳಿದರೆ ‘ಕೃಪೆಯಿಂದ’ ಎಂದಾಗುತ್ತದೆ. ಪಿಂಚಣಿ ಹಕ್ಕು, ಕೃಪೆ ಭಿಕ್ಷೆ.

ಇದಕ್ಕೆ ಎದುರು ವಾದವಿದೆ, ಅದು ಸಣ್ಣದೇನೂ ಅಲ್ಲ. ಸೇನೆ ಇರುವುದು ಯುದ್ಧಕ್ಕೆ. ಹತ್ತು ಸಾವಿರ ಅಡಿ ಎತ್ತರದಲ್ಲಿ ಅಧಿಕಾರಿಯ ಮೊಣಕಾಲು ಕೈಕೊಟ್ಟರೆ ಸಾಯುವವರು ಅವನ ಹಿಂದಿರುವ ಮೂವತ್ತು ಜವಾನರು. ಮಾನದಂಡ ಸಡಿಲಿಸುವುದು ಕರುಣೆಯಲ್ಲ, ಅಪಾಯ. ಸರಿ, ಆದರೆ ಇಂಥವರಿಗೆ ಪದಾತಿದಳದ ಪ್ಲಟೂನ್ ಕೊಡಿ ಎಂದು ಕೇಳಿದವರು ಯಾರು? ಸೇನೆಯ ಶೇಪ್ ಪದ್ಧತಿಯೇ ಮನಸ್ಸು, ಶ್ರವಣ, ಕೈಕಾಲು, ದೇಹಬಲ, ದೃಷ್ಟಿ ಎಂದು ಮನುಷ್ಯನನ್ನು ಐದು ಭಾಗ ಮಾಡಿ, ಒಂದೊಂದನ್ನೂ 1ರಿಂದ 5ರವರೆಗೆ ಅಳೆಯುತ್ತದೆ. ಫಿಟ್ ಮತ್ತು ಅನ್‌ಫಿಟ್ ನಡುವೆ ಮೆಟ್ಟಿಲುಗಳಿವೆ ಎಂದು ಸೇನೆಗೆ ಗೊತ್ತಿರುವುದರಿಂದಲೇ ಈ ಅಂಕಿಗಳಿರುವುದು.

ಸೇನೆಯ ಚರಿತ್ರೆಯೂ ಅದನ್ನೇ ಹೇಳುತ್ತದೆ. 1965ರ ಯುದ್ಧದಲ್ಲಿ ಕಾಲು ಕಳೆದುಕೊಂಡ ವಿಜಯ್ ಓಬೆರಾಯ್ ಮುಂದೆ ಸೇನೆಯ ಉಪಮುಖ್ಯಸ್ಥರಾದರು. 1971ರಲ್ಲಿ ನೆಲಬಾಂಬಿನ ಮೇಲೆ ಕಾಲಿಟ್ಟ ಇಯಾನ್ ಕಾರ್ಡೋಜೊ ಜಜ್ಜಿಹೋದ ಕಾಲನ್ನು ಖುಕ್ರಿಯಿಂದ ತಾವೇ ಕಡಿದುಕೊಂಡರು. ಕೃತಕ ಕಾಲಿನಲ್ಲೇ ಬೆಟಾಲಿಯನ್ ನಡೆಸಿದರು, ಆಮೇಲೆ ಬ್ರಿಗೇಡ್ ನಡೆಸಿದರು. ಇವರ ಫೋಟೋ ತೋರಿಸಿ ಹುಡುಗರನ್ನು ಸೇನೆಗೆ ಕರೆಯುವ ದೇಶ, ಬಂದವನ ಕಾಲು ಕಮಿಷನ್ನಿಗೆ ಮೊದಲೇ ಮುರಿದರೆ ನೀನು ಯಾರು ಎಂದು ಕೇಳುತ್ತದೆ.

ಮಾನದಂಡ ಸರಿಯಿದ್ದೂ ಅಳೆಯುವ ಹೊತ್ತು ತಪ್ಪಬಹುದು ಎಂದು ನ್ಯಾಯಾಲಯ ಒಮ್ಮೆ ಹೇಳಿಯೂ ಆಗಿದೆ. ಪುರುಷ ಅಧಿಕಾರಿಗಳನ್ನು ಸೇವೆಯ ಐದನೇ ಅಥವಾ ಹತ್ತನೇ ವರ್ಷದಲ್ಲಿ ಅಳೆಯುತ್ತಿದ್ದ ಶೇಪ್-1 ಅಳತೆಯನ್ನು, ಕಾಯಂ ಕಮಿಷನ್ನಿನ ಹಕ್ಕು ತಡವಾಗಿ ಸಿಕ್ಕ ಮಹಿಳಾ ಅಧಿಕಾರಿಗಳಿಗೆ ಎಷ್ಟೋ ವರ್ಷ ಕಳೆದ ಮೇಲೆ, ಹಲವರಿಗೆ ನಲವತ್ತು ದಾಟಿದ ಮೇಲೆ ಅನ್ವಯಿಸಲಾಗಿತ್ತು. 2021ರ ಮಾರ್ಚ್‌ನಲ್ಲಿ ಲೆಫ್ಟಿನೆಂಟ್ ಕರ್ನಲ್ ನಿತೀಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಅಳತೆಯನ್ನು ಕಿತ್ತುಹಾಕಲಿಲ್ಲ. ಅದನ್ನು ಆ ಹೊತ್ತಿನಲ್ಲಿ ಹಿಡಿದದ್ದು ತಾರತಮ್ಯ ಎಂದಿತು. ಕೆಡೆಟ್‌ಗಳ ವಿಷಯದಲ್ಲೂ ತಪ್ಪಿರುವುದು ಹೊತ್ತೇ.

ಆದ್ದರಿಂದ ಬೇಕಾದದ್ದು ಮಾನದಂಡದ ಸಡಿಲಿಕೆಯಲ್ಲ. ತರಬೇತಿಯಲ್ಲಿ ಗಾಯಗೊಂಡವನಿಗೆ ಚಿಕಿತ್ಸೆಯ ನಂತರ ಮತ್ತೊಂದು ವೈದ್ಯಕೀಯ ಮಂಡಳಿ ಬೇಕು. ಅದು ಅವನನ್ನು ಪ್ರವೇಶದ ಪಟ್ಟಿಯ ಎದುರಿಗಲ್ಲ, ಒಂದು ನಿರ್ದಿಷ್ಟ ಹುದ್ದೆಯ ಎದುರು ನಿಲ್ಲಿಸಿ ನೋಡಬೇಕು. ಶಿಕ್ಷಣ ದಳ, ಕಾನೂನು ವಿಭಾಗ, ದಾಸ್ತಾನು, ರಕ್ಷಣಾ ಲೆಕ್ಕಪತ್ರ ಇಲಾಖೆ, ಇವೆಲ್ಲ ಬೆನ್ನುಮೂಳೆಗಿಂತ ತಲೆಯನ್ನು ಹೆಚ್ಚು ಕೇಳುವ ಜಾಗಗಳು. ಅಲ್ಲಿ ಕೂರಬಲ್ಲವನಿಗೆ ಚಿಕಿತ್ಸೆಯಲ್ಲಿ ಕಳೆದ ವರ್ಷಗಳನ್ನು ವಯೋಮಿತಿಯಿಂದ ಕಳೆಯಬೇಕು. ಕೂರಲೂ ಆಗದವನಿಗೆ ಸಿಗುವ ಹಣದ ಹೆಸರು ಪಿಂಚಣಿಯಾಗಬೇಕು. ತಂದೆತಾಯಿಯಿಂದ ಬರೆಸಿಕೊಳ್ಳುವ ಆ ಎರಡನೆಯ ಕಾಗದ ಹೋಗಬೇಕು.

ಮೊದಲ ಕಾಗದ ಇನ್ನೂ ಕಡತದಲ್ಲೇ ಇದೆ. ಹುಡುಗ ಬಂದಾಗ ಸರಿಯಾಗಿದ್ದ ಎಂದು ಸೇನೆಯ ವೈದ್ಯರೇ ಅದರಲ್ಲಿ ಬರೆದಿದ್ದಾರೆ.