ಇಸ್ತ್ರಿ ಪೆಟ್ಟಿಗೆಗೆ ಬೀಗ ಬೇಡ

ಮಕ್ಕಳೇ, ಕಳೆದ ಮಳೆಗಾಲದಲ್ಲಿ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ಮಸೂರಗಳನ್ನು ಹುಡುಕಲು ಬೀರು ತೆಗೆಸಿದಾಗ ಮೇಲಿನ ಅರೆಯಲ್ಲಿ ಒಂದು ಇಸ್ತ್ರಿ ಪೆಟ್ಟಿಗೆ ಕಂಡಿತು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ದಾರದಿಂದ ಬಿಗಿದು ಇಟ್ಟಿದ್ದರು. ಹೊಲಿಗೆ ಕೋಣೆಯಲ್ಲಿರಬೇಕಾದದ್ದು ಇಲ್ಲೇಕೆ ಎಂದು ಕೇಳಿದೆ. ಯಾರೂ ಮಾತಾಡಲಿಲ್ಲ. ಏಳನೇ ತರಗತಿಯ ಹುಡುಗಿಯೊಬ್ಬಳು ಮೆಲ್ಲಗೆ ತನ್ನ ಬಲಗೈ ಚಾಚಿದಳು. ಅಂಗೈಯ ಅಂಚಿನಲ್ಲಿ ಹೊಳೆಯುವ ಗುಲಾಬಿ ಬಣ್ಣದ ಕಲೆಯಿತ್ತು.

ನಡೆದದ್ದು ಇಷ್ಟು. ಹೊಲಿದ ಚೀಲದ ಅಂಚನ್ನು ಒತ್ತಿ ಮಟ್ಟ ಮಾಡುತ್ತಿದ್ದಾಗ ಕರೆಂಟ್ ಹೋಯಿತು. ಇಸ್ತ್ರಿ ಪೆಟ್ಟಿಗೆಯ ದೀಪವೂ ಆರಿತು. ಸ್ವಲ್ಪ ಹೊತ್ತಿನ ನಂತರ ಮೇಜು ಜೋಡಿಸುವಾಗ ಅವಳು ಅದನ್ನು ಕೈಯಿಂದ ಪಕ್ಕಕ್ಕೆ ತಳ್ಳಿದಳು. "ಕರೆಂಟೇ ಇರಲಿಲ್ಲವಲ್ಲ, ಆರಿರುತ್ತೆ ಅಂದುಕೊಂಡೆ" ಎಂದಳು. ಅಂದಿನಿಂದ ಇಸ್ತ್ರಿ ಪೆಟ್ಟಿಗೆ ಬೀರು ಸೇರಿದೆ.

ಹಾಗಾದರೆ ಮನೆಯಲ್ಲಿ ಸಮವಸ್ತ್ರಕ್ಕೆ ಏನು ಮಾಡುತ್ತೀರಿ ಎಂದು ಮಕ್ಕಳನ್ನು ಕೇಳಿದೆ. ಮೂರು ನಾಲ್ಕು ಕೈಗಳು ಮೇಲೆದ್ದವು. "ಚೊಂಬಿಗೆ ಕೆಂಡ ಹಾಕಿ ಉಜ್ಜುತ್ತೇವೆ." ಚೊಂಬಿಗೆ ಹಿಡಿಯಿಲ್ಲ. ಬಟ್ಟೆ ಸುತ್ತಿ ಹಿಡಿಯಬೇಕು. ಎಡವಿದರೆ ಕೆಂಡ ಕಾಲ ಮೇಲೆ. ಅದನ್ನು ಮಾಡುವಾಗ ಅಪ್ಪ ಅಮ್ಮ ಹೊಲದಲ್ಲಿರುತ್ತಾರೆ. ಅಂದರೆ ಶಿಕ್ಷಕಿಯ ಕಣ್ಣೆದುರು ಕಲಿಯಬಹುದಾದ ಕೆಲಸಕ್ಕೆ ಬೀಗ ಬಿದ್ದಿದೆ, ಯಾರೂ ಇಲ್ಲದಾಗ ಮಾಡುವ ಅದೇ ಕೆಲಸ ನಡೆದೇ ಇದೆ. ಶಾಲೆಯವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಮಗುವಿನ ಕೈ ಸುಟ್ಟರೆ ಯಾರಿಗೆ ತಾನೆ ಹೆದರಿಕೆಯಾಗದು? ಆದರೂ ಬೀಗ ಹಾಕಿದ್ದು ತಪ್ಪು ಎಂಬುದೇ ನನ್ನ ಅಭಿಪ್ರಾಯ.

ಆ ಹುಡುಗಿ ಅಜಾಗರೂಕಳಲ್ಲ. ಅವಳು ಯೋಚಿಸಿಯೇ ಮುಟ್ಟಿದಳು, ಯೋಚನೆಯಲ್ಲಿ ಒಂದು ತಪ್ಪಿತ್ತು ಅಷ್ಟೆ. ಒಲೆಯ ಕೆಂಡವನ್ನು ನಾವು ಮುಟ್ಟುವುದಿಲ್ಲ, ಏಕೆಂದರೆ ಅದು ಕೆಂಪಗೆ ಕಾಣುತ್ತದೆ. ಬಿಸಿಯಾದ ಯಾವುದೇ ವಸ್ತು ನಮ್ಮ ಕಣ್ಣಿಗೆ ಕೆಂಪಗೆ ಕಾಣಲು ಸುಮಾರು 525 ಡಿಗ್ರಿ ಸೆಲ್ಸಿಯಸ್ ತಾಪ ಬೇಕು. ಹತ್ತಿ ಬಟ್ಟೆಗೆ ಇಟ್ಟ ಇಸ್ತ್ರಿ ಪೆಟ್ಟಿಗೆಯ ತಳ ಸುಮಾರು 200 ಡಿಗ್ರಿ ಇರುತ್ತದೆ. ಕುದಿಯುವ ನೀರಿನ ಎರಡರಷ್ಟು ಎನ್ನಿ. ಆದರೂ ಅದರ ಮುಖದ ಮೇಲೆ ಸಿಟ್ಟಿನ ಸುಳಿವೇ ಇಲ್ಲ. ಅದು ಹೊರಸೂಸುವ ಅವಕೆಂಪು ಕಿರಣಗಳು ಕಣ್ಣಿಗೆ ಕಾಣುವುದಿಲ್ಲ.

ದೀಪವಾದರೂ ನಿಜ ಹೇಳುತ್ತದೆಯೇ? ಅದೂ ಇಲ್ಲ. ಪೆಟ್ಟಿಗೆಯೊಳಗೆ ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದ ಒಂದು ಪಟ್ಟಿ ಇರುತ್ತದೆ. ಕಾಯಿಸಿದಾಗ ಒಂದು ಲೋಹ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ ಹಿಗ್ಗುತ್ತದೆ. ಆದ್ದರಿಂದ ಪಟ್ಟಿ ಬಾಗಿ ವಿದ್ಯುತ್ ಸಂಪರ್ಕವನ್ನು ತಪ್ಪಿಸುತ್ತದೆ. ಆಗ ದೀಪ ಆರುತ್ತದೆ. ತಳ ತಣಿದಾಗ ಪಟ್ಟಿ ನೆಟ್ಟಗಾಗಿ ದೀಪ ಮತ್ತೆ ಹತ್ತುತ್ತದೆ. ಹಾಗಾದರೆ ದೀಪ ಆರಿತು ಎಂದರೆ ಏನು? ಬೇಕಾದಷ್ಟು ಕಾದಿದೆ ಎಂದು! ನಾವು ಅದನ್ನು ತಣ್ಣಗಾಗಿದೆ ಎಂದು ಓದಿಕೊಳ್ಳುತ್ತೇವೆ.

ಮರುದಿನ ಹೊಲಿಗೆ ಶಿಕ್ಷಕಿ ತಮ್ಮ ಮನೆಯ ಇಸ್ತ್ರಿ ಪೆಟ್ಟಿಗೆ ತಂದರು. ಮಕ್ಕಳನ್ನು ಎರಡು ಮಾರು ದೂರ ಕೂರಿಸಿದೆವು. ಮೂರು ಚುಕ್ಕೆಯ ಗುರುತಿಗೆ ತಿರುಗಿಸಿ ಚೆನ್ನಾಗಿ ಕಾಯಿಸಿ, ಪ್ಲಗ್ ಕಿತ್ತು, ಹಿಮ್ಮಡಿಯ ಮೇಲೆ ನಿಲ್ಲಿಸಿದೆವು. ಪೊರಕೆ ಕಡ್ಡಿಯನ್ನು ನೀರಿನಲ್ಲಿ ಅದ್ದಿ ತಳಕ್ಕೆ ಚಿಮುಕಿಸಿದೆ. ಮೊದಲ ಹನಿಗಳು ಸದ್ದಿಲ್ಲದೆ ಮಣಿಗಳಂತೆ ಉರುಳಿಬಿದ್ದವು. ಐದು ನಿಮಿಷದ ನಂತರ ಚಿಮುಕಿಸಿದ ಹನಿಗಳು ಚುಂಯ್ ಎಂದು ಆವಿಯಾದವು. "ಈಗ ಜಾಸ್ತಿ ಬಿಸಿ" ಎಂದು ಎಲ್ಲರೂ ಕೂಗಿದರು. ಅದು ಹಾಗಲ್ಲ. ತಳ ತೀರಾ ಬಿಸಿಯಿದ್ದಾಗ ಹನಿಯ ಕೆಳಗೆ ಆವಿಯ ತೆಳು ಪದರ ಏಳುತ್ತದೆ, ಹನಿ ಅದರ ಮೇಲೆ ತೇಲುತ್ತದೆ. ಆದ್ದರಿಂದಲೇ ಸದ್ದಿಲ್ಲ. ದೋಸೆ ಹಂಚಿನ ಮೇಲೆ ನೀರು ಕುಣಿಯುವುದನ್ನು ನೀವೂ ನೋಡಿದ್ದೀರಿ. ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ ಇದನ್ನು 1756ರಲ್ಲೇ ವಿವರಿಸಿದ್ದಾನೆ.

ಕಾಲು ಗಂಟೆ ಕಳೆಯುವಷ್ಟರಲ್ಲಿ ಚುಂಯ್ ಸದ್ದು ನಿಂತಿತು. ನೀರು ಸುಮ್ಮನೆ ಇಳಿಯಿತು. "ಆರಿತು" ಎಂದ ಒಬ್ಬ ಹುಡುಗ. ನಾನು ಮೇಣದ ಬತ್ತಿಯ ತುದಿಯನ್ನು ತಳಕ್ಕೆ ಒತ್ತಿದೆ. ಮೇಣ ಕರಗಿ ಕಣ್ಣೀರಿನಂತೆ ಹರಿಯಿತು. ತರಗತಿಯೇ ಸ್ತಬ್ಧವಾಯಿತು. ಮೇಣ ಕರಗಲು ಸುಮಾರು 60 ಡಿಗ್ರಿ ಸಾಕು. ಅಷ್ಟೇ ಬಿಸಿಯಿರುವ ನೀರು ಐದಾರು ಸೆಕೆಂಡಿನಲ್ಲಿ ದೊಡ್ಡವರ ಚರ್ಮವನ್ನು ಸುಡಬಲ್ಲದು. ಮಕ್ಕಳ ಚರ್ಮ ತೆಳು, ಇನ್ನೂ ಬೇಗ ಸುಡುತ್ತದೆ. ಕಣ್ಣೂ ಮೋಸ ಹೋಯಿತು, ಕಿವಿಯೂ ಮೋಸ ಹೋಯಿತು. ಆ ಹುಡುಗಿ ಮಾತ್ರ ತನ್ನ ಅಂಗೈ ನೋಡಿಕೊಳ್ಳುತ್ತಾ, "ಹಾಗಾದರೆ ನಾನು ಮುಟ್ಟಿದ್ದು ಈ ಹೊತ್ತಿನಲ್ಲಿ" ಎಂದಳು. (ಈ ಪ್ರಯೋಗ ಶಿಕ್ಷಕರು ಮಾಡುವಂಥದ್ದು. ಮನೆಯಲ್ಲಿ ನೀವೇ ಮಾಡಲು ಹೋಗಬೇಡಿ, ಅಮ್ಮನ ಸೀರೆಗೆ ಮೇಣ ಮೆತ್ತಿದರೆ ಬೈಗುಳ ನನಗೆ ಬರುತ್ತದೆ.)

ಹೊಲಿಗೆ ಕೋಣೆಯ ಮಕ್ಕಳು ತಾವೇ ಒಂದು ನಿಯಮ ಮಾಡಿಕೊಂಡರು. ಪ್ಲಗ್ ಕಿತ್ತ ಹೊತ್ತನ್ನು ಸೀಮೆಸುಣ್ಣದಿಂದ ಹಲಗೆಯ ಮೇಲೆ ಬರೆಯುವುದು, ಒಂದು ಗಂಟೆಯಾಗುವವರೆಗೆ ಹಿಡಿಯನ್ನು ಬಿಟ್ಟು ಬೇರೆಲ್ಲೂ ಮುಟ್ಟದಿರುವುದು. ನಾನು ಯೋಚಿಸಿದ್ದಕ್ಕಿಂತ ಇದು ಚೆನ್ನಾಗಿದೆ.

ಕರೆಂಟ್ ಹೋದಾಗ ಇನ್ನೊಂದು ಅಪಾಯವಿದೆ. ಪ್ಲಗ್ ಹಾಗೆಯೇ ಬಿಟ್ಟು ಮನೆಗೆ ಹೋದರೆ, ಸಂಜೆ ಕರೆಂಟ್ ಬಂದಾಗ ಇಸ್ತ್ರಿ ಪೆಟ್ಟಿಗೆ ತಾನಾಗಿಯೇ ಕಾಯುತ್ತದೆ. ಅದು ಬಟ್ಟೆಯ ಮೇಲೆ ಮಲಗಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಆದ್ದರಿಂದ ಕರೆಂಟ್ ಹೋದ ಕೂಡಲೇ ಮೊದಲ ಕೆಲಸ ಪ್ಲಗ್ ಕೀಳುವುದು. ವೈರ್ ಹಿಡಿದು ಎಳೆಯಬಾರದು, ಒಣಗಿದ ಕೈಯಿಂದ ಪ್ಲಗ್ಗನ್ನೇ ಹಿಡಿಯಬೇಕು.

ಪ್ಲಗ್ಗಿನ ಮಾತು ಬಂತು. ಬೀರುವಿನ ಪೆಟ್ಟಿಗೆಯನ್ನು ಬಿಚ್ಚಿ ನೋಡಿದರೆ ಅದರ ಮೂರನೆಯ ಪಿನ್ನನ್ನು ಯಾರೋ ಕತ್ತರಿಸಿದ್ದರು, ಎರಡು ತೂತಿನ ಬೋರ್ಡಿಗೆ ಹಾಕಲು! ಕೆಲವು ಮನೆಗಳಲ್ಲಿ ಪ್ಲಗ್ಗೇ ಇರುವುದಿಲ್ಲ, ಬರಿಯ ವೈರುಗಳನ್ನು ತೂತಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸಿರುತ್ತಾರೆ. ಇದನ್ನು ಕಂಡಾಗ ನನಗೆ ನಿಜವಾಗಿಯೂ ಕೋಪ ಬರುತ್ತದೆ. ಆ ಮೂರನೆಯ ಪಿನ್ ಉಳಿದೆರಡಕ್ಕಿಂತ ದಪ್ಪ, ಉದ್ದ. ಮೊದಲು ಸೇರುತ್ತದೆ, ಕೊನೆಗೆ ಬಿಡುತ್ತದೆ. ಒಳಗೆ ವೈರ್ ಸವೆದು ಲೋಹದ ಮೈಗೆ ತಗುಲಿದರೆ ವಿದ್ಯುತ್ತನ್ನು ನೆಲಕ್ಕೆ ಕಳುಹಿಸುವುದು ಅದೇ. ಅದು ಇಲ್ಲದಿದ್ದರೆ, ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತ ನಿಮ್ಮ ಮೈಯೇ ದಾರಿಯಾಗುತ್ತದೆ. ಇನ್ನು 1000 ವ್ಯಾಟ್‌ನ ಪೆಟ್ಟಿಗೆ 230 ವೋಲ್ಟಿನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ. 9 ವ್ಯಾಟ್‌ನ ಎಲ್‌ಇಡಿ ಬಲ್ಬುಗಳು ನೂರಕ್ಕೂ ಹೆಚ್ಚು ಉರಿದಂತೆ. ತೆಳ್ಳನೆಯ ವೈರ್ ಅದನ್ನು ತಾಳದೆ ಕಾಯುತ್ತದೆ.

ಅಂದು ಸುಟ್ಟ ಕೈಗೆ ಏನು ಮಾಡಿದರು ಎಂದು ಕೇಳಿದ್ದೆ. ಟೂತ್‌ಪೇಸ್ಟ್ ಹಚ್ಚಿದರಂತೆ, ಮನೆಯಲ್ಲಿ ಅಜ್ಜಿ ಅದರ ಮೇಲೆ ಶಾಯಿ ಸುರಿದರಂತೆ. ಪಾಪ, ಎಲ್ಲರದೂ ಪ್ರೀತಿಯೇ. ಆದರೆ ಪೆಟ್ಟಿಗೆಯಿಂದ ಕೈ ತೆಗೆದ ಮೇಲೂ ಚರ್ಮದೊಳಗೆ ಉಷ್ಣ ಉಳಿದಿರುತ್ತದೆ, ಒಳಗೊಳಗೇ ಸುಡುತ್ತದೆ. ಅದನ್ನು ಹೊರಗೆ ಒಯ್ಯಬಲ್ಲದ್ದು ಹರಿಯುವ ತಣ್ಣೀರು. ನಲ್ಲಿಯ ಕೆಳಗೆ, ನಲ್ಲಿ ಇಲ್ಲದಿದ್ದರೆ ಬಿಂದಿಗೆಯಿಂದ ಸುರಿಯುತ್ತಾ, ಪೂರ್ತಿ 20 ನಿಮಿಷ. ಮಂಜುಗಡ್ಡೆ ಬೇಡ, ಅದು ಚರ್ಮಕ್ಕೆ ಇನ್ನಷ್ಟು ಪೆಟ್ಟು ಕೊಡುತ್ತದೆ. ಊತ ಬರುವ ಮೊದಲೇ ಬಳೆ, ಉಂಗುರ ತೆಗೆಯಬೇಕು. ಗುಳ್ಳೆ ಒಡೆಯಬಾರದು. ಶಾಯಿ ಹಚ್ಚಿದರೆ ಗಾಯದ ಬಣ್ಣವೇ ವೈದ್ಯರಿಗೆ ಕಾಣುವುದಿಲ್ಲ. ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಹೋಗಬೇಕು. ಗಾಯ ದೊಡ್ಡದಿದ್ದರೆ 108ಕ್ಕೆ ಫೋನ್ ಮಾಡಬೇಕು.

ಶಾಲೆ ಬಿಡುವ ಮುನ್ನ ಮುಖ್ಯ ಶಿಕ್ಷಕರ ಬಳಿ ಎರಡು ಮಾತು ಕೇಳಿಕೊಂಡೆ. ಇಸ್ತ್ರಿ ಪೆಟ್ಟಿಗೆಯನ್ನು ಹೊರಗೆ ತೆಗೆಯಿರಿ. ಗೋಡೆಯ ಬದಿಗೆ ಅಲುಗಾಡದ ಒಂದು ಮೇಜು, ಒಮ್ಮೆಗೆ ಒಂದೇ ಮಗು, ಪಕ್ಕದಲ್ಲಿ ಶಿಕ್ಷಕಿ. ಎರಡನೆಯದು, ಹುಡುಗರನ್ನೂ ಆ ಕೋಣೆಗೆ ಕಳುಹಿಸಿ. ಅವರ ಅಂಗಿಯೂ ಸುಕ್ಕಾಗುತ್ತದೆ. ಮೊದಲನೆಯದಕ್ಕೆ ಅವರು ಕೂಡಲೇ ಒಪ್ಪಲಿಲ್ಲ. "ಇನ್ನೊಂದು ಮಗುವಿಗೆ ಏನಾದರೂ ಆದರೆ?" ಎಂದರು. ಆ ಪ್ರಶ್ನೆಯನ್ನು ತಳ್ಳಿಹಾಕಲು ನನ್ನಿಂದಾಗಲಿಲ್ಲ. ಆದ್ದರಿಂದ ಅದೇ ಹುಡುಗಿಯನ್ನು ಕರೆದು, ಅವಳ ಬಾಯಿಂದಲೇ ಮೇಣದ ಪ್ರಯೋಗವನ್ನು ಹೇಳಿಸಿದೆ. ಅವರು ಕೊನೆಯವರೆಗೂ ಕೇಳಿದರು.

ಈ ಜನವರಿಯಲ್ಲಿ ಮತ್ತೆ ಹೋದಾಗ ಪೆಟ್ಟಿಗೆ ಬೀರುವಿನಲ್ಲಿರಲಿಲ್ಲ. ಹೊಲಿಗೆ ಕೋಣೆಯ ಮೇಜಿನ ಮೇಲೆ ನಿಂತಿತ್ತು, ಬುಡದಲ್ಲಿ ಹೊಸ ಮೂರು ಪಿನ್ನಿನ ಪ್ಲಗ್ ಇನ್ನೂ ಪೊಟ್ಟಣದಲ್ಲೇ ಇತ್ತು. ಎಲೆಕ್ಟ್ರಿಷಿಯನ್ ಬರುವುದು ಶನಿವಾರವಂತೆ. ಅಲ್ಲಿಯವರೆಗೆ ಅದನ್ನು ಯಾರೂ ಕಾಯಿಸುವಂತಿಲ್ಲ ಎಂದು ಹಲಗೆಯ ಮೇಲೆ ಮಕ್ಕಳೇ ಬರೆದಿದ್ದರು.