ಒಂದು ಚಿತ್ರ, ಎರಡು ಬೆಳಕು

ಸಂಜೆಯ ಹೊತ್ತು. ಸೂರ್ಯ ಈಗತಾನೆ ಮುಳುಗಿದ್ದಾನೆ. ಪಡುವಣ ಬಾನು ಇನ್ನೂ ಕೆಂಪಾಗಿದೆ. ರಜೆಗೆ ಊರಿಗೆ ಬಂದ ಮೊಮ್ಮಗ ಅಂಗಳದ ತುಳಸಿಕಟ್ಟೆಯ ಬಳಿ ಅಜ್ಜಿಯನ್ನು ನಿಲ್ಲಿಸಿ, ಕ್ಯಾಮೆರಾದ ನೆತ್ತಿಯ ಮೇಲಿನ ಫ್ಲ್ಯಾಷ್ ಹಾಕಿ ಫೋಟೋ ತೆಗೆಯುತ್ತಾನೆ. ಬಂದದ್ದೇನು? ಸುಣ್ಣ ಬಳಿದಂಥ ಮುಖ, ಹಿಂದೆ ಕಾಡಿಗೆಯಂಥ ಕತ್ತಲು. ಫ್ಲ್ಯಾಷ್ ಇಲ್ಲದೆ ತೆಗೆದರೆ ಬಾನು ಚೆನ್ನ, ಅಜ್ಜಿ ಬರೀ ಕರಿ ನೆರಳು. ರಾತ್ರಿ ಬಸ್ಸಿಗೆ ಅವನು ಹೊರಡಬೇಕು. ಬಾನಿನ ಬಣ್ಣ ಇರುವುದು ಇನ್ನು ಹತ್ತೇ ನಿಮಿಷ. ‘ಇದಕ್ಕಿಂತ ಒಳ್ಳೆಯ ಕ್ಯಾಮೆರಾ ಬೇಕಿತ್ತು’ ಎಂದು ಗೊಣಗುತ್ತಾನೆ. ತಪ್ಪು ಕ್ಯಾಮೆರಾದ್ದಲ್ಲ, ಲೆಕ್ಕದ್ದು.

ಮೊದಲ ಕೆಲಸ, ಫ್ಲ್ಯಾಷನ್ನು ಕ್ಯಾಮೆರಾದಿಂದ ಇಳಿಸುವುದು. ಲೆನ್ಸಿನ ದಿಕ್ಕಿನಿಂದಲೇ ಬೆಳಕು ಬಿದ್ದರೆ ನೆರಳೆಲ್ಲ ಬೆನ್ನ ಹಿಂದೆ ಅಡಗಿ ಮುಖ ಚಪ್ಪಟೆಯಾಗುತ್ತದೆ. ಫ್ಲ್ಯಾಷನ್ನು ತಂಗಿಯ ಕೈಗೆ ಕೊಟ್ಟು, ಒಂದು ಪಕ್ಕದಿಂದ, ಅಜ್ಜಿಯ ಕಣ್ಣಿಗಿಂತ ತುಸು ಎತ್ತರದಲ್ಲಿ ಹಿಡಿಸಿದರೆ ಕೆನ್ನೆಯ ಸುಕ್ಕು, ಮೂಗಿನ ಏಣು, ಮೂಗುಬೊಟ್ಟಿನ ಹೊಳಪು ಎಲ್ಲವೂ ಎದ್ದು ಕಾಣುತ್ತವೆ. ಕ್ಯಾಮೆರಾಕ್ಕೂ ಫ್ಲ್ಯಾಷಿಗೂ ನಂಟು ಕಲ್ಪಿಸಲು ಸಿಂಕ್ ತಂತಿ ಸಾಕು. ಈಗ ರೇಡಿಯೊ ಟ್ರಿಗರುಗಳೂ ಸಿಗುತ್ತವೆ.

ಇನ್ನು ಲೆಕ್ಕ. ಈ ಚಿತ್ರದಲ್ಲಿ ಬೆಳಕು ಒಂದಲ್ಲ, ಎರಡು. ಬಾನಿನದು ಸದಾ ಹರಿಯುವ ಬೆಳಕು. ಫ್ಲ್ಯಾಷಿನದು ಸಾಮಾನ್ಯವಾಗಿ ಸೆಕೆಂಡಿನ ಸಾವಿರದಲ್ಲೊಂದು ಭಾಗದ ಆಸುಪಾಸಿನಲ್ಲಿ ಮಿಂಚಿ ಮುಗಿಯುವ ಬೆಳಕು. ಅಮೆರಿಕದ ಎಂ.ಐ.ಟಿ.ಯ ಹೆರಾಲ್ಡ್ ಎಡ್ಗರ್ಟನ್ ಹಾಲಿನ ಹನಿಯೊಂದು ಬಿದ್ದು ಕಿರೀಟದಂತೆ ಚಿಮ್ಮಿದ ಗಳಿಗೆಯನ್ನು 1957ರಲ್ಲಿ ಸೆರೆಹಿಡಿದದ್ದು ಇಂಥ ಕ್ಷಣಿಕ ಬೆಳಕಿನಿಂದಲೇ.

ಕಿಟಕಿಯೊಂದನ್ನು ಊಹಿಸಿಕೊಳ್ಳಿ. ಹೊರಗೆ ಜಡಿಮಳೆ. ಕಿಟಕಿ ತೆರೆದಿಟ್ಟಷ್ಟು ಹೊತ್ತೂ ನೀರು ಒಳಬರುತ್ತದೆ. ಆದರೆ ಯಾರೋ ಒಮ್ಮೆ ಎರಚಿದ ಚೊಂಬು ನೀರು, ಕಿಟಕಿ ಎಷ್ಟು ಹೊತ್ತು ತೆರೆದಿದ್ದರೂ ಒಂದೇ ಚೊಂಬು. ಜಡಿಮಳೆ ಬಾನಿನ ಬೆಳಕು; ಚೊಂಬಿನ ನೀರು ಫ್ಲ್ಯಾಷ್. ಕಿಟಕಿ ತೆರೆದಿರುವ ಹೊತ್ತೇ ಷಟರ್ ವೇಗ. ಹಾಗಾಗಿ ಷಟರ್ ವೇಗ ಬದಲಿಸಿದರೆ ಬಾನು ಬದಲಾಗುತ್ತದೆ, ಫ್ಲ್ಯಾಷ್ ಬೆಳಗಿದ ಮುಖ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಕಿಟಕಿಯ ಅಗಲವೇ ಅಪರ್ಚರ್. ಅದನ್ನು ಬದಲಿಸಿದರೆ ಎರಡೂ ಬದಲಾಗುತ್ತವೆ. ಐಎಸ್‌ಒ ಕೂಡ ಎರಡನ್ನೂ ಮುಟ್ಟುತ್ತದೆ.

ಆದ್ದರಿಂದ ಮೊದಲು ಬಾನನ್ನು ಅಳೆಯಬೇಕು. ಐಎಸ್‌ಒ 100, ಎಫ್ 8, 1/60 ಸೆಕೆಂಡಿನಲ್ಲಿ ಬಾನಿನ ಬಣ್ಣ ಸರಿಯಾಗಿ ಬಂತೆನ್ನೋಣ. ಈಗ ಮುಖದ ಸರದಿ. ಫ್ಲ್ಯಾಷಿನ ಕೈಪಿಡಿಯಲ್ಲಿ ಗೈಡ್ ನಂಬರ್ ಎಂಬ ಅಂಕಿ ಇರುತ್ತದೆ. ಐಎಸ್‌ಒ 100ಕ್ಕೆ, ಮೀಟರ್ ಲೆಕ್ಕದಲ್ಲಿ ಅದು 32 ಎಂದಿಟ್ಟುಕೊಳ್ಳಿ. 32ನ್ನು 8ರಿಂದ ಭಾಗಿಸಿದರೆ 4. ಅಂದರೆ ಪೂರ್ಣ ಶಕ್ತಿಯಲ್ಲಿ ಫ್ಲ್ಯಾಷ್ ಅಜ್ಜಿಯಿಂದ 4 ಮೀಟರ್ ದೂರವಿರಬೇಕು. ತಂಗಿ 2 ಮೀಟರಿಗೆ ಬಂದರೆ? ದೂರ ಅರ್ಧವಾದಾಗ ಬೆಳಕು ಎರಡರಷ್ಟಲ್ಲ, ನಾಲ್ಕರಷ್ಟು. ಶಾಲೆಯಲ್ಲಿ ಕಲಿತ ವಿಲೋಮ ವರ್ಗ ನಿಯಮ ಇದೇ. ಆಗ ಫ್ಲ್ಯಾಷಿನ ಶಕ್ತಿಯನ್ನು 1/4ಕ್ಕೆ ಇಳಿಸಿದರೆ ಸರಿಹೋಗುತ್ತದೆ.

ಇಲ್ಲಿ ಹಲವರು ಎಡವುವುದುಂಟು. ಅಳೆಯಬೇಕಾದ್ದು ಫ್ಲ್ಯಾಷಿನಿಂದ ಮುಖಕ್ಕಿರುವ ದೂರ; ಕ್ಯಾಮೆರಾದಿಂದಲ್ಲ. ಮೊಮ್ಮಗ 5 ಮೀಟರ್ ಹಿಂದೆ ನಿಂತರೂ ತಂಗಿಯ 2 ಮೀಟರೇ ಲೆಕ್ಕಕ್ಕೆ ಬರುವುದು.

ಬಾನು ಇನ್ನಷ್ಟು ಗಾಢವಾಗಬೇಕೆ? ಷಟರ್ 1/125ಕ್ಕೆ ಏರಿಸಿದರೆ ಸಾಕು, ಮುಖ ಕೆಡುವುದಿಲ್ಲ. ಆದರೆ ಇದಕ್ಕೊಂದು ಮಿತಿಯಿದೆ. ಹಲವು ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಷಟರ್ ಎಂದರೆ ಎರಡು ಪರದೆ. ವೇಗ ಹೆಚ್ಚಿದಾಗ ಮೊದಲ ಪರದೆ ಪೂರ್ತಿ ಸರಿಯುವ ಮುನ್ನವೇ ಎರಡನೆಯದು ಹಿಂಬಾಲಿಸುತ್ತದೆ. ಫ್ಲ್ಯಾಷ್ ಮಿಂಚುವಾಗ ಒಂದು ಭಾಗ ಮುಚ್ಚಿರುವುದರಿಂದ ಆ ಭಾಗಕ್ಕೆ ಫ್ಲ್ಯಾಷಿನ ಬೆಳಕು ಸಿಗದೆ ಕಪ್ಪು ಪಟ್ಟಿ ಬೀಳುತ್ತದೆ. ಈ ಮಿತಿಯೇ ಸಿಂಕ್ ವೇಗ. ಹಳೆಯ ಹಲವು ಕ್ಯಾಮೆರಾಗಳಲ್ಲಿ ಅದು 1/60. ಈಚಿನ ಅನೇಕವುಗಳಲ್ಲಿ 1/200 ಅಥವಾ 1/250.

ಫಿಲ್ಮಿನ ಕಾಲದಲ್ಲಿ ತಪ್ಪು ತಿಳಿಯಲು ರೋಲು ತೊಳೆದು ಬರಬೇಕಿತ್ತು. ಡಿಜಿಟಲ್ ಪರದೆ ಆಗಲೇ ತೋರಿಸುತ್ತದೆ. ಆದರೆ ಮುಸ್ಸಂಜೆಯಲ್ಲಿ ಪರದೆ ಇರುವುದಕ್ಕಿಂತ ಬೆಳಗಿದಂತೆ ಕಾಣುತ್ತದೆ. ಕಣ್ಣಿಗಿಂತ ಹಿಸ್ಟೋಗ್ರಾಮ್ ನಕ್ಷೆಯನ್ನು ನಂಬುವುದು ಮೇಲು.

ಹೆತ್ತವರಿಗೆ ಎರಡು ಮಾತು. ಫ್ಲ್ಯಾಷಿನೊಳಗಿನ ಕೆಪ್ಯಾಸಿಟರ್ ಸುಮಾರು 300 ವೋಲ್ಟ್ ಹಿಡಿದಿಟ್ಟಿರುತ್ತದೆ, ಬ್ಯಾಟರಿ ತೆಗೆದ ಮೇಲೂ. ಕೆಟ್ಟ ಫ್ಲ್ಯಾಷನ್ನು ಬಿಚ್ಚಲು ಮಕ್ಕಳನ್ನು ಬಿಡಬೇಡಿ. ಅಟ್ಟದಲ್ಲಿ ಸಿಕ್ಕ ಹಳೆಯ ಫ್ಲ್ಯಾಷನ್ನು ಹೊಸ ಡಿಜಿಟಲ್ ಕ್ಯಾಮೆರಾಕ್ಕೆ ನೇರವಾಗಿ ಜೋಡಿಸಬೇಡಿ; ಕೆಲವು ಹಳೆಯವುಗಳ ಟ್ರಿಗರ್ ವೋಲ್ಟೇಜ್ ಕ್ಯಾಮೆರಾವನ್ನೇ ಸುಟ್ಟೀತು.

ಅಂಗಳದಲ್ಲಿ ಇನ್ನು ಐದು ನಿಮಿಷದ ಬೆಳಕಿದೆ. ಮೊಮ್ಮಗ ತಂಗಿಯನ್ನು ಕರೆಯುತ್ತಾನೆ, ಎರಡು ಹೆಜ್ಜೆ ಅಳೆದು ನಿಲ್ಲಿಸುತ್ತಾನೆ, ಶಕ್ತಿ ಇಳಿಸುತ್ತಾನೆ. ‘ಆಯಿತೇನೋ? ದೀಪ ಹಚ್ಚೋ ಹೊತ್ತಾಯ್ತು’ ಎನ್ನುತ್ತಾರೆ ಅಜ್ಜಿ. ಈ ಸಲ ಬಾನೂ ಬಂತು, ಅಜ್ಜಿಯ ಮುಖವೂ ಬಂತು.