ಅಪ್ಸರಕೊಂಡದ ಗುಡ್ಡದಿಂದ ಒಂದು ಭೂಗೋಳ ಪಾಠ

ಹೊನ್ನಾವರದ ಹತ್ತಿರದ ಅಪ್ಸರಕೊಂಡಕ್ಕೆ ಪ್ರವಾಸ ಹೋದ ಮಕ್ಕಳು ಜಲಪಾತ ನೋಡಿ, ಗುಡ್ಡ ಹತ್ತಿ ಹಿಂದಿರುಗುತ್ತಾರೆ. ಮುಂದಿನ ಸಲ ಹೋದಾಗ ಗುಡ್ಡದ ಮೇಲೆ ಐದು ನಿಮಿಷ ಹೆಚ್ಚು ನಿಲ್ಲಿ. ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಸಹ್ಯಾದ್ರಿ, ನಡುವೆ ಸಪೂರವಾದ ನೆಲ. ಮಾದಕ ವಸ್ತುಗಳ ಕಳ್ಳಸಾಗಣೆ ತಡೆಯುವವರ ಕೆಲಸವೆಲ್ಲ ಇಂಥ ನಕಾಶೆಯ ಮೇಲೆಯೇ ನಡೆಯುವುದು.

ಕಡಲಿಗೆ ಬೇಲಿ ಹಾಕಲಾಗದು. ದಡದಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರ್, ನಮ್ಮ ಪ್ರಾದೇಶಿಕ ಜಲ. ದಡದ ಸಮೀಪ ಗಸ್ತು ತಿರುಗುವವರು ಕರಾವಳಿ ಕಾವಲು ಪೊಲೀಸರು. ಅವರ ಕೇಂದ್ರ ಕಚೇರಿ ಮಲ್ಪೆಯಲ್ಲಿದೆ. ಆಚೆಗೆ ತಟರಕ್ಷಣಾ ಪಡೆ, ನೌಕಾಪಡೆ. ದೊಡ್ಡ ಹಡಗು ಆಳ ಸಮುದ್ರದಲ್ಲಿ ನಿಂತು ಸರಕನ್ನು ಸಣ್ಣ ದೋಣಿಗಳಿಗೆ ಹಂಚುವುದು ಈ ದಂಧೆಯ ಹಳೆಯ ಪಟ್ಟು. ಹಂಚುವ ಮೊದಲೇ ಹಿಡಿದರೆ ಫಲ ದೊಡ್ಡದು: 2023ರ ಮೇ ತಿಂಗಳಲ್ಲಿ ಕೇರಳದ ಕಡಲಾಚೆ ಒಂದೇ ಕಾರ್ಯಾಚರಣೆಯಲ್ಲಿ ಸುಮಾರು 2,500 ಕಿಲೋ ಮೆಥಾಂಫೆಟಮಿನ್ ಸಿಕ್ಕಿತು.

ನೆಲಕ್ಕಿಳಿದ ಮೇಲೆ ದಾರಿ ಇಕ್ಕಟ್ಟಾಗುತ್ತದೆ. ಅಪ್ಸರಕೊಂಡದಿಂದ ಹೆದ್ದಾರಿಯಲ್ಲಿ ಉತ್ತರಕ್ಕೆ ಹೊರಟವನು ಹೊನ್ನಾವರ ಸೇರಲು ಶರಾವತಿ ಸೇತುವೆ ದಾಟಲೇಬೇಕು. ಕುಮಟಾ ಕಳೆದ ಮೇಲೆ ಅಘನಾಶಿನಿ. ಮಲೆನಾಡಿಗೆ ಹೋಗುವುದಾದರೆ ಗೇರುಸೊಪ್ಪೆಯ ಕಡೆಯ ಘಾಟಿ, ಇಲ್ಲವೇ ದೇವಿಮನೆ ಘಾಟಿ. ನೀರಿನಲ್ಲಿ ಹತ್ತು ದೋಣಿ ಮಾಡಲಾರದ ಕೆಲಸವನ್ನು ಸೇತುವೆಯ ತುದಿಯ ಒಂದು ತಪಾಸಣಾ ಠಾಣೆ ಮಾಡೀತು. ಹಾಗೆಂದು ಕಡಲನ್ನೊಂದೇ ದೂರಬಾರದು. ಆಂಧ್ರ, ಒಡಿಶಾ ಗುಡ್ಡಗಳ ಗಾಂಜಾ ರೈಲು, ಲಾರಿ ಹತ್ತಿ ನೆಲದ ಮೇಲೆಯೇ ಬರುತ್ತದೆ.

ಕೊನೆಯ ಹತ್ತು ಕಿಲೋಮೀಟರಿಗೆ ಬೇಕಾಗುವುದು ಹಡಗಲ್ಲ, ಯಾರೂ ಅನುಮಾನಿಸದ ಒಂದು ಶಾಲಾಚೀಲ. ತಂದೆ ತಾಯಂದಿರು ಇಲ್ಲಿ ಸ್ವಲ್ಪ ನಿಲ್ಲಬೇಕು. "ಈ ಪೊಟ್ಟಣ ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಕೊಟ್ಟುಬಿಡು, ಐನೂರು ರೂಪಾಯಿ" ಎಂದರೆ ಹುಡುಗನಿಗೆ ಅದು ಪುಕ್ಕಟೆ ಹಣದಂತೆ ಕಾಣುತ್ತದೆ. 1985ರ ಕಾಯಿದೆಯ ಲೆಕ್ಕ ಬೇರೆ. ಹೆರಾಯಿನ್ 250 ಗ್ರಾಂ ಮೀರಿದರೆ ಅಪರಾಧಿಗೆ ಕನಿಷ್ಠ 10 ವರ್ಷ ಜೈಲು, ಒಂದು ಲಕ್ಷ ರೂಪಾಯಿ ದಂಡ. ಒಳಗೇನಿತ್ತೋ ಗೊತ್ತಿರಲಿಲ್ಲ ಎಂಬುದನ್ನು ಸಾಬೀತು ಮಾಡುವ ಹೊರೆಯೂ ಚೀಲ ಹೊತ್ತವನದೇ.

ನನ್ನ ಮಟ್ಟಿಗೆ ಈ ತೀರದ ಒಳ್ಳೆಯ ಕಾವಲುಗಾರರು ಮೀನುಗಾರರು. ಯಾವ ದೋಣಿ ಯಾರದು, ಯಾವುದು ಹೊತ್ತಲ್ಲದ ಹೊತ್ತಿನಲ್ಲಿ ಬಲೆಯಿಲ್ಲದೆ ನಿಂತಿದೆ ಎಂಬುದು ರಾಡಾರಿಗಿಂತ ಮೊದಲು ಅವರಿಗೆ ತಿಳಿಯುತ್ತದೆ. ಸುಳಿವು ಕೊಡಲು 2024ರಲ್ಲಿ ಶುರುವಾದ ರಾಷ್ಟ್ರೀಯ ಮಾದಕ ವಸ್ತು ಸಹಾಯವಾಣಿಯ ಸಂಖ್ಯೆ 1933. ಚಟಕ್ಕೆ ಬಿದ್ದವರ ಮನೆಯವರೂ ಅದೇ ಸಂಖ್ಯೆಗೆ ಕರೆ ಮಾಡಿ ಸಲಹೆ ಕೇಳಬಹುದು.